ಕೋಡಿಬಾಗದಲ್ಲಿ ನೀಲಿ ಬಾಟ್ಲಿ

ಪುರ್ಸು ಗುನಗಿ ತಂದ ಡಬ್ಬ ಬಿಚ್ಚಿದಾಗ
ಗ್ಯಾರೇಜಿನ ಒಣಮೀನು ವಾಸನೆಯ ನಡುವೆ
ಹೊಸ ರಬ್ಬರಿನ ವಾಸನೆ.
ಒಂದು ನೀಲಿ ಬಾಟ್ಲಿ, ಎರಡು ಸೊಲೆನಾಯ್ಡ್,
ಉಕ್ಕಿನ ಜಡೆ ಹೆಣೆದ ಪೈಪು,
ಸಾಸಿವೆಗಿಂತ ಸಣ್ಣ ತೂತಿನ ಹಿತ್ತಾಳೆ ಜೆಟ್ಟುಗಳು ಪುಟ್ಟ ಚೀಲದಲ್ಲಿ,
ಮೂಗುತಿ ಅಂಗಡಿಯಿಂದ ತಂದಂತೆ.

"ನಗೆ ಗ್ಯಾಸಂತೆ?" ಅಂದ ನಿಯಾಝ್.
ಹೌದು. ಹಲ್ಲಿನ ಡಾಕ್ಟರು ಮೂಗಿಗೆ ಹಿಡಿದರೆ ನಗೆ,
ಇಂಜಿನ್ನಿನ ಮೂಗಿಗೆ ಹಿಡಿದರೆ ಸಿಟ್ಟು.
ತಾನು ಉರಿಯುವುದಿಲ್ಲ ಇದು,
ಉರಿಯುವವರ ಪಕ್ಕ ನಿಂತು ಉಸಿರು ಕೊಡುತ್ತದೆ.
ನಮ್ಮ ವಾರ್ಡಿನಲ್ಲೂ ಅಂಥ ಇಬ್ಬರಿದ್ದಾರೆ.

ನಾನು ಬೈತಖೋಲದ ಬೋಟುಗಳ ಮೆಕ್ಯಾನಿಕ್.
ಇಪ್ಪತ್ತೆಂಟು ವರ್ಷ ಡೀಸೆಲ್ ಕೆಮ್ಮು ಕೇಳಿದ ಕಿವಿ.
ಬೋಟಿಗೆ ಯಾರೂ ಅವಸರ ಕೇಳುವುದಿಲ್ಲ,
ತಿರುಗಿ ಬರುವುದನ್ನು ಕೇಳುತ್ತಾರೆ.
ಹಾಗಾಗಿ ಅಂದೆ: ಯಾಕೋ ಪುರ್ಸು, ನಲವತ್ತಾರನೇ ವಯಸ್ಸಿನಲ್ಲಿ,
ಈ ಮುದಿ ಎಸ್ಟೀಮಿಗೆ?

ಅವನದು ಆಂಬುಲೆನ್ಸು. ಹನ್ನೊಂದು ವರ್ಷವಾಯಿತು.
ಕಾರವಾರದಿಂದ ಗೋವಾ, ಕಾರವಾರದಿಂದ ಮಣಿಪಾಲ.
ಕುಮಟೆ ದಾಟುವಾಗ, ಹೊನ್ನಾವರ ದಾಟುವಾಗ, ಒಮ್ಮೊಮ್ಮೆ
ಹಿಂದಿನಿಂದ ಯಾರೋ ಗಾಜು ತಟ್ಟುತ್ತಾರಂತೆ:
ಇನ್ನು ನಿಧಾನ ಹೋಗಬಹುದು.

ಪಾನಾ ತಿರುಗಿಸುತ್ತ ಕುಳಿತಿದ್ದವನು
"ಹಿಂದೆ ಯಾರೂ ಮಲಗಿರದ ಗಾಡಿಯಲ್ಲಿ
ಒಮ್ಮೆ ಜೋರಾಗಿ ಹೋಗಬೇಕು ಕೈತಾನ್ ಮಾಮಾ" ಅಂದ.
ಅಷ್ಟೆ.

ಥ್ರಾಟಲ್ ಮುಂದಿನ ಪೈಪು ಬಿಚ್ಚಿ, ಹೊರಗಿಟ್ಟೇ ಕೊರೆದೆ.
ಒಂದು ಚೂರು ಒಳಗುಳಿದರೂ ಅದು ಮುಳ್ಳು ಸಿಕ್ಕಿದ ಗಂಟಲು.
ಬ್ರೇಕ್ ಪೈಪಿನ ಜೊತೆಜೊತೆಗೆ, ಸೈಲೆನ್ಸರಿನಿಂದ ದೂರ, ಲೈನು ಎಳೆದೆ.
ಪೆಡಲು ತಳ ಮುಟ್ಟಿದಾಗ ಮಾತ್ರ ಕಚ್ಚುವ ಸ್ವಿಚ್ಚು.
ಪ್ಲಗ್ಗು ಒಂದು ನಂಬರ್ ತಣ್ಣಗಿನದು. ಟೈಮಿಂಗ್ ಎರಡು ಡಿಗ್ರಿ ಹಿಂದೆ.
ಜೆಟ್ಟು ಎಲ್ಲಕ್ಕಿಂತ ಸಣ್ಣದು. ಅವನು ದೊಡ್ಡದನ್ನು ತೋರಿಸಿದ;
ಅದನ್ನು ನನ್ನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ.
ಗ್ಯಾಸು ಬಂದು ಪೆಟ್ರೋಲು ಬರದಿದ್ದರೆ
ಪಿಸ್ಟನ್ನು ಜೋನಿಬೆಲ್ಲ.
ಉಸಿರು ಕೊಟ್ಟವರು ಅನ್ನವನ್ನೂ ಕೊಡಬೇಕು.

ಬಾಟ್ಲಿ ಡಿಕ್ಕಿಯಲ್ಲಿ ಮಲಗಿತು:
ತಲೆ ಸ್ವಲ್ಪ ಎತ್ತರ, ಚೀಟಿ ಮೇಲ್ಮುಖ, ಎರಡು ಪಟ್ಟಿ ಬಿಗಿದು.
ಪುರ್ಸು ಬಂದು ಪಟ್ಟಿ ಎಳೆದು ನೋಡಿದ. ಮತ್ತೊಮ್ಮೆ ನೋಡಿದ.
ವಾಲ್ವಿಗೆ ಕಿವಿಯಿಟ್ಟ.
ಅಭ್ಯಾಸ.

ಬೆಳಗಿನ ಜಾವ ನಾಲ್ಕೂವರೆ. ಕಾಳಿ ದಾಟಿ
ಮಾಜಾಳಿ ಕಡೆಯ ನೇರ ರಸ್ತೆ.
ಮೀನಿನ ಲಾರಿಯೊಂದು ನೀರು ಸುರಿಸುತ್ತ ಹೋಗುವವರೆಗೆ ಕಾದೆವು.
ನಿಯಾಝ್ ಚಕ್ರದಡಿ ಲಿಂಬೆಹಣ್ಣು ಇಟ್ಟ;
ಒಂದು ಉರುಳಿ ಗಟಾರಕ್ಕೆ ಬಿತ್ತು, ಯಾರೂ ಮಾತಾಡಲಿಲ್ಲ.

ರಸ್ತೆಯಂಚಿನಲ್ಲಿ ನಿಂತು ಕೇಳಿದೆ.
ಎರಡನೇ ಗಿಯರ್. ಮೂರನೇದು.
ಆಮೇಲೆ ಧ್ವನಿ ಬದಲಾಯಿತು,
ಮಡಿಸಿಟ್ಟ ತಾಡಪಾಲು ಗಾಳಿಗೆ ಒಮ್ಮೆಲೇ ಬಿಚ್ಚಿಕೊಂಡಂತೆ.
ಎಣಿಸತೊಡಗಿದೆ.
ಕೆಂಪು ದೀಪ ಎರಡು ಚುಕ್ಕೆ, ಒಂದು ಚುಕ್ಕೆ.
ಸೈರನ್ ಇಲ್ಲ. ದಾರಿ ಬಿಡಿ ಅಂತ ಯಾರನ್ನೂ ಬೇಡಬೇಕಿಲ್ಲ.
ಏಳು. ಎಂಟು. ಒಂಬತ್ತು.
ಹತ್ತಕ್ಕೆ ಅವನೇ ಬಿಟ್ಟ.

ತಿರುಗಿ ಬಂದಾಗ ಬಾಟ್ಲಿಯ ಕತ್ತಿನ ಸುತ್ತ ಬಿಳಿ ಹಿಮ.
ನಿಯಾಝ್ ಬೆರಳಿಟ್ಟು ಕೂಗಿಕೊಂಡ.
ಹೇಗಿತ್ತು?
"ಕನ್ನಡಿಯಲ್ಲಿ ಹಿಂದೆ ನೋಡಿದೆ ಮಾಮಾ. ಸೀಟು ಮಾತ್ರ ಇತ್ತು."
ನಗುತ್ತಿದ್ದನೋ ಏನೋ, ಕತ್ತಲೆಯಿತ್ತು.

ಪ್ಲಗ್ಗು ಬಿಚ್ಚಿ ಟಾರ್ಚು ಹಿಡಿದು ಓದಿದೆ.
ಒಂದು, ಎರಡು, ನಾಲ್ಕು: ಬಿಸ್ಕತ್ತಿನ ಬಣ್ಣ.
ಮೂರನೆಯದು ಬಿಳಚಿಕೊಂಡಿತ್ತು.
ಪೆಟ್ರೋಲ್ ಜೆಟ್ಟು ಒಂದು ಸೈಜು ಏರಿಸಬೇಕು, ಅಲ್ಲಿಯವರೆಗೆ
ಸ್ವಿಚ್ಚು ಮುಟ್ಟಬೇಡ, ಅನ್ನುವಷ್ಟರಲ್ಲಿ ಅವನ ಫೋನು.
ಚೆಂಡಿಯಾದಲ್ಲಿ ಯಾರಿಗೋ ಎದೆನೋವು.
ನಿಯಾಝನ ಸ್ಕೂಟಿ ಹತ್ತಿ ಹೊರಟ.
ಐವತ್ತರ ಮೇಲೆ ನಡುಗುವ ಸ್ಕೂಟಿ ಅದು.

ಬಾನೆಟ್ಟು ತೆರೆದ ಎಸ್ಟೀಮು, ನಾವಿಬ್ಬರು,
ಬಟ್ಟೆಯಲ್ಲಿ ಹಿಡಿದ ಮೂರನೇ ಪ್ಲಗ್ಗು,
ಇನ್ನೂ ಬಿಸಿ.